ಲೆಕ್ಕಪರಿಶೋಧನೆಯೋ, ಜನರ ಉಸ್ತುವಾರಿಯೋ? ಭ್ರಷ್ಟಾಚಾರ ತಡೆಯಲು ಎರಡು ದಾರಿಗಳು

ಸಾರ್ವಜನಿಕ ಕಾಮಗಾರಿಯ ಹಣ ಸೋರದಂತೆ ನೋಡಿಕೊಳ್ಳಬೇಕಾದವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಮೇಲಿನವರು ನಡೆಸುವ ಲೆಕ್ಕಪರಿಶೋಧನೆ ಮತ್ತು ಊರಿನವರೇ ನಡೆಸುವ ಉಸ್ತುವಾರಿ.

ಇವೆರಡನ್ನೂ ಒಟ್ಟಿಗೆ ಒರೆಗೆ ಹಚ್ಚಿದವರು ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್. ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಮುಗಿದ ರಸ್ತೆಯನ್ನು ಎಂಜಿನಿಯರುಗಳು ಅಲ್ಲಲ್ಲಿ ಅಗೆದು, ಒಳಗೆ ನಿಜಕ್ಕೂ ಎಷ್ಟು ಸಾಮಗ್ರಿ ಬಿದ್ದಿದೆಯೆಂದು ಅಳೆದು, ಅದನ್ನು ಪಂಚಾಯಿತಿ ತೋರಿಸಿದ ಖರ್ಚಿನೊಂದಿಗೆ ತಾಳೆ ನೋಡಿದರು. ಕಡತವನ್ನಷ್ಟೇ ತಿರುವಿಹಾಕುವ ತಪಾಸಣೆಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಪರಿಶೋಧನೆ ಖಂಡಿತ ನಡೆಯುತ್ತದೆಂದು ಮೊದಲೇ ತಿಳಿಸಿದ ಹಳ್ಳಿಗಳಲ್ಲಿ, ಲೆಕ್ಕಕ್ಕೆ ಸಿಗದ ಖರ್ಚಿನ ಪಾಲು ಸುಮಾರು 8 ಶೇಕಡಾ ಅಂಶಗಳಷ್ಟು ಇಳಿಯಿತು. ಆದರೆ ಅಲ್ಲಿಯೇ ಅಧಿಕಾರಸ್ಥರ ಬಂಧುಗಳಿಗೆ ಕೆಲಸ ಕೊಡುವುದು ಹೆಚ್ಚಿತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುವುದನ್ನು ಆಯ್ಕೆ ಮಾಡುವವರು ಮರೆಯಬಾರದು.

ಇನ್ನು ಎರಡನೆಯ ದಾರಿ: ಕಾಮಗಾರಿಯ ಖರ್ಚಿನ ಲೆಕ್ಕ ಒಪ್ಪಿಸುವ ಊರ ಸಭೆಗೆ ಜನರನ್ನು ಆಹ್ವಾನಿಸಿದ್ದರಿಂದ ಕೂಲಿ ಹಣದ ಕಳವು ಕಡಿಮೆಯಾಯಿತೇ ಹೊರತು, ಸಾಮಗ್ರಿಯ ಕಳವು ಕಡಿಮೆಯಾಗಲಿಲ್ಲ. ತನ್ನ ಕೂಲಿ ಎಷ್ಟೆಂದು ಕೆಲಸಗಾರನಿಗೆ ಗೊತ್ತು. ರಸ್ತೆಯೊಳಗಿನ ಜಲ್ಲಿಯ ಪ್ರಮಾಣ ಗೊತ್ತಾಗುವುದು ಹೇಗೆ? ಹೆಸರು ಬರೆಯಬೇಕಿಲ್ಲದ ಅಭಿಪ್ರಾಯ ಪತ್ರಗಳೂ, ಗ್ರಾಮಾಧಿಕಾರಿಗಳ ಕೈ ತಪ್ಪಿಸಿ ಶಾಲೆಯ ಮೂಲಕ ಹಂಚಿದಾಗ ಮಾತ್ರ ಸ್ವಲ್ಪ ಫಲ ಕೊಟ್ಟವು.

ಆದ್ದರಿಂದ ಕೂಲಿ, ಪಡಿತರ, ವಿದ್ಯಾರ್ಥಿವೇತನದಂತೆ ವ್ಯಕ್ತಿಯ ಕೈಗೇ ಸೇರಬೇಕಾದ ಹಣಕ್ಕೆ ಜನರ ಉಸ್ತುವಾರಿಯನ್ನೂ, ತಾಂತ್ರಿಕ ಅಳತೆ ಬೇಡುವ ಕಾಮಗಾರಿಗೆ ಪರಿಶೋಧನೆಯನ್ನೂ ಆರಿಸುವುದು ಸೂಕ್ತ. ಎಲ್ಲವನ್ನೂ ಪರಿಶೋಧಿಸಲು ಸಿಬ್ಬಂದಿ ಸಾಲದಿದ್ದರೆ, ಬ್ರೆಜಿಲ್ 2003ರಲ್ಲಿ ಆರಂಭಿಸಿದಂತೆ, ಯಾವ ಸ್ಥಳೀಯ ಆಡಳಿತವನ್ನು ತಪಾಸಿಸಬೇಕೆಂಬುದನ್ನು ಬಹಿರಂಗ ಲಾಟರಿಯಿಂದ ತೀರ್ಮಾನಿಸಬಹುದು.