ಲ್ಯಾಪ್‌ಲ್ಯಾಂಡ್ ಪ್ಯಾಕೇಜ್ ರಿವ್ಯೂ: ನಾಯಿ ಬಂಡಿಗೆ ಪೂರ್ತಿ ಮಾರ್ಕು, "ಅರೋರಾ ಗ್ಯಾರಂಟಿ" ಅನ್ನೋರನ್ನ ನಂಬ್ಬೇಡಿ

ಫಿನ್‌ಲ್ಯಾಂಡ್‌ಗೆ ಹಿಮ ನೋಡೋಕೆ ಹೋಗ್ಬೇಕು ಅನ್ನೋರು ಮೈಸೂರಲ್ಲಿ ಈಗ ಜಾಸ್ತಿ ಆಗಿದ್ದಾರೆ, ನಮ್ಮ ಕುವೆಂಪುನಗರದಲ್ಲೇ ನಾಕೈದು ಮನೆಯವ್ರು ಕೇಳಿದ್ರು, ಅದಕ್ಕೇ ಒಂದೇ ಸಲ ಬರೆದುಬಿಡೋಣ ಅಂತ. ನಾನು, ನಮ್ಮನೆಯವ್ರು, ಮಗಳು, ಎಪ್ಪತ್ತರ ಹತ್ತಿರ ಇರೋ ನಮ್ಮತ್ತೆ, ಇಷ್ಟು ಜನ ಇಲ್ಲಿನ ಒಂದು ಟ್ರಾವೆಲ್ ಏಜೆನ್ಸಿ ಮೂಲಕ ಫಿನ್‌ಲ್ಯಾಂಡ್‌ನ ಉತ್ತರ ಭಾಗ ಲ್ಯಾಪ್‌ಲ್ಯಾಂಡಲ್ಲಿರೋ ರೊವಾನಿಯೆಮಿ ಅನ್ನೋ ಊರಿಗೆ ಹೋಗಿದ್ವಿ. ಏಜೆನ್ಸಿ ಹೆಸರು ಹಾಕ್ತಿಲ್ಲ, ಇಂಥ ಪ್ಯಾಕೇಜ್‌ಗಳು ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ.

ಮೊದಲು ತಿಂಗಳ ವಿಷ್ಯ. ಏಜೆನ್ಸಿಯವ್ರು ಕ್ರಿಸ್‌ಮಸ್ ರಜಕ್ಕೇ ಹೋಗಿ ಹೋಗಿ ಅಂತ ತುಂಬಾ ಹೇಳಿದ್ರು, ನಮ್ಮನೆಯವ್ರು ಒಪ್ಪಲಿಲ್ಲ, ಮಾರ್ಚ್‌ಗೇ ಮಾಡಿ ಅಂದ್ರು. ಅದೇ ಸರಿ. ಡಿಸೆಂಬರ್ ಕೊನೇಲಿ ಅಲ್ಲಿ ಸೂರ್ಯ ಎರಡು ಗಂಟೆ ಚಿಲ್ರೆ ಇದ್ರೆ ಹೆಚ್ಚು, ರೇಟೂ ವರ್ಷದಲ್ಲೇ ಜಾಸ್ತಿ. ಮಾರ್ಚ್ 20ರ ಹೊತ್ತಿಗೆ ಹಗಲು 12 ಗಂಟೆ ಸಿಗುತ್ತೆ, ಹಿಮ ಚೆನ್ನಾಗಿ ದಪ್ಪ ಕೂತಿರುತ್ತೆ, ಬಿಸಿಲಲ್ಲಿ ಕಾಡು ನೋಡ್ಬೋದು, ರಾತ್ರಿ ಅರೋರಾ, ಅಂದ್ರೆ ಆಕಾಶದಲ್ಲಿ ಕಾಣೋ ಬಣ್ಣದ ಬೆಳಕು, ಅದಕ್ಕೂ ಕತ್ತಲೆ ಸಾಕಷ್ಟಿರುತ್ತೆ. ಶಾಲೆ ಮಕ್ಕಳಿರೋರಿಗೆ ಪರೀಕ್ಷೆ ಅಡ್ಡ ಬರುತ್ತೆ, ಅದು ನಿಜವಾಗ್ಲೂ ಕಷ್ಟ. ಉಳಿದೋರು ದಯವಿಟ್ಟು ಮಾರ್ಚ್ ನೋಡಿ.

ಇನ್ನು ಹಸ್ಕಿ ಸಫಾರಿ, ಅಂದ್ರೆ ಹಸ್ಕಿ ನಾಯಿಗಳು ಎಳೆಯೋ ಹಿಮದ ಬಂಡಿ ಸವಾರಿ. ದುಡ್ಡು ಒಂದಕ್ಕೇ ಇದೆ ಅನ್ನೋದಾದ್ರೆ ಇದಕ್ಕೇ ಹಾಕಿ, ಎರಡನೇ ಯೋಚನೆ ಬೇಡ. ಆದ್ರೆ ಪ್ಯಾಕೇಜಲ್ಲಿ ಬರೀ "ಹಸ್ಕಿ ರೈಡ್" ಅಂತ ಇದ್ರೆ ಎಷ್ಟು ಕಿಲೋಮೀಟರ್ ಅಂತ ಕೇಳಲೇಬೇಕು. ನಮ್ಮದರಲ್ಲಿ ಇದ್ದಿದ್ದು 500 ಮೀಟರ್ ಒಂದು ರೌಂಡ್, ಅದೂ ಗೈಡೇ ಓಡಿಸೋದು, ನಾವು ಸುಮ್ನೆ ಕೂತ್ಕೊಳ್ಳೋದು. ಅದು ಬೇಡ ಅಂತ ಹೇಳಿ ಮೇಲೆ ದುಡ್ಡು ಕೊಟ್ಟು 10 ಕಿಲೋಮೀಟರಿಂದಕ್ಕೆ ಬದಲಾಯಿಸ್ಕೊಂಡ್ವಿ, ತಲೆಗೆ ನೂರೈವತ್ತು ಯೂರೋ ಹತ್ತಿರ ಆಯ್ತು. ಇದರಲ್ಲಿ ಬಂಡಿ ನಾವೇ ಓಡಿಸ್ಬೇಕು. ಒಬ್ಬರು ಮುಂದೆ ಕಂಬಳಿ ಹೊದ್ದು ಕೂತ್ಕೊಳ್ಳೋದು, ಇನ್ನೊಬ್ಬರು ಹಿಂದೆ ಎರಡು ಪಟ್ಟಿ ಮೇಲೆ ನಿಂತ್ಕೊಳ್ಳೋದು. ಆ ಪಟ್ಟಿಗಳ ಮಧ್ಯೆ ಕಬ್ಬಿಣದ ಹಲ್ಲಿರೋ ಬ್ರೇಕು ಇರುತ್ತೆ, ಕಾಲಲ್ಲಿ ತುಳಿದ್ರೆ ಹಿಮದೊಳಗೆ ಕಚ್ಕೊಳ್ಳುತ್ತೆ. ಹೊರಡೋಕೆ ಮುಂಚೆ ಗೈಡ್ ಹುಡುಗಿ ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು, ಬಿದ್ರೂ ಸರಿ ಹ್ಯಾಂಡಲ್ ಮಾತ್ರ ಬಿಡ್ಬೇಡಿ, ನೀವು ಬಿಟ್ರೆ ನಾಯಿಗಳು ನಿಲ್ಲಲ್ಲ ಅಂತ.

ಹೊರಡೋವರೆಗೂ ನಾಯಿಗಳು ಮಾಡೋ ಗಲಾಟೆ ಇದ್ಯಲ್ಲ, ಪಕ್ಕದಲ್ಲಿರೋರ ಮಾತು ಕೇಳಿಸಲ್ಲ, ನಿಂತಲ್ಲೇ ಎಗರ್ತವೆ, ಹಗ್ಗ ಜಗ್ತವೆ, ಅತ್ತೆ ಹೆದರ್ಕೊಂಡು ನನ್ನ ಕೈ ಹಿಡ್ಕೊಂಡ್ರು. ಬಂಡಿ ಬಿಟ್ಟಿದ್ದೇ ತಡ, ಎಲ್ಲಾ ಗಪ್‌ಚುಪ್. ಆಮೇಲೆ ಕೇಳಿಸೋದು ಹಿಮದ ಮೇಲೆ ಪಟ್ಟಿ ಉಜ್ಜೋ ಸದ್ದು, ಅವುಗಳ ಉಸಿರು, ಅಷ್ಟೇ. ಓಡ್ತಾ ಓಡ್ತಾನೇ ದಾರಿ ಪಕ್ಕದ ಹಿಮಕ್ಕೆ ಬಾಯಿ ಹಾಕಿ ನೀರಡಿಕೆ ತೀರಿಸ್ಕೊಳ್ತವೆ. ಏರು ಬಂದಾಗ ನಾವೂ ಒಂದು ಕಾಲಲ್ಲಿ ತಳ್ಬೇಕು, ತಳ್ಳಲಿಲ್ಲ ಅಂದ್ರೆ ಹಿಂದಿನ ಜೋಡಿ ತಿರುಗಿ ನಮ್ಮ ಮುಖ ನೋಡ್ತವೆ, ಅದು ನೋಡಿ ನನಗೆ ಅವುಗಳ ಮೇಲೆ ಎಷ್ಟು ಅಕ್ಕರೆ ಬಂತು ಅಂದ್ರೆ ಹೇಳೋಕಾಗಲ್ಲ. ಫೋಟೋದಲ್ಲಿ ನೋಡಿರೋ ನೀಲಿ ಕಣ್ಣಿನ ದಪ್ಪ ಕೂದಲಿನ ನಾಯಿಗಳೇ ಇರ್ತವೆ ಅನ್ಕೋಬೇಡಿ, ಹೆಚ್ಚಿನ ಕಡೆ ಓಡೋದು ತೆಳ್ಳಗಿರೋ ಅಲಾಸ್ಕನ್ ಹಸ್ಕಿಗಳು. ಬುಕ್ ಮಾಡೋಕೆ ಮುಂಚೆ ಬೇಸಿಗೇಲಿ ನಾಯಿಗಳನ್ನ ಹೇಗೆ ನೋಡ್ಕೋತೀರಿ, ವಯಸ್ಸಾದವು ಏನಾಗ್ತವೆ ಅಂತ ಕೇಳಿ. ನಾವು ಹೋದ ಕಡೆ ಗೈಡ್‌ಗೆ ಪ್ರತಿ ನಾಯಿ ಹೆಸರೂ ಗೊತ್ತಿತ್ತು, ನನಗೆ ಅಲ್ಲೇ ನಂಬಿಕೆ ಬಂತು.

ಬಟ್ಟೆ ಬಗ್ಗೆ ಎಲ್ಲರೂ ಕೇಳ್ತಾರೆ. ನಾವಿದ್ದಾಗ ಬೆಳಿಗ್ಗೆ ಮೈನಸ್ 18 ಇತ್ತು, ಆ ಚಳೀಲಿ ಮೂಗಿನ ಕೂದಲು ಕಟ್ಕೊಳ್ಳುತ್ತೆ, ರೆಪ್ಪೆ ಮೇಲೆ ಬಿಳಿ ಕೂರುತ್ತೆ. ಹಿಮ ಒಣ ಅಕ್ಕಿಹಿಟ್ಟಿನ ಥರ ಉದುರುತ್ತೆ, ಉಂಡೆ ಕಟ್ಟೋಕೆ ಬರಲ್ಲ. ಆದ್ರೂ ಇಲ್ಲಿಂದ ಹತ್ತಿಪ್ಪತ್ತು ಸಾವಿರದ ಜಾಕೆಟ್ ತಗೊಂಡು ಹೋಗೋದು ಬೇಕಿಲ್ಲ, ಸಫಾರಿ ಕಂಪನಿಯವ್ರೇ ಓವರಾಲ್, ಬೂಟು, ಗ್ಲೌಸು ಕೊಡ್ತಾರೆ, ಅದು ಆ ಚಳಿಗೇ ಮಾಡಿರೋದು. ನೀವು ಖರ್ಚು ಮಾಡ್ಬೇಕಾಗಿರೋದು ಒಳಗಿನ ಬಟ್ಟೆಗೆ. ಮೈಗೆ ಅಂಟೋ ಹಾಗೆ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್, ಆಮೇಲೆ ಓವರಾಲ್. ಕಾಟನ್ ಬನಿಯನ್ನು, ಕಾಟನ್ ಸಾಕ್ಸು ಬೇಡವೇ ಬೇಡ, ಬೆವರು ಹೀರ್ಕೊಂಡು ಒದ್ದೆಯಾಗೇ ಇರುತ್ತೆ, ನಿಂತ ತಕ್ಷಣ ನಡುಕ ಶುರು. ಬೂಟು ಒಂದು ಸೈಜ್ ದೊಡ್ಡದೇ ಕೇಳಿ, ಬೆರಳು ಆಡ್ಬೇಕು. ಅತ್ತೆ ಸೀರೆ ಬಿಟ್ಟು ಬೇರೆ ಉಟ್ಟೋರಲ್ಲ, ಅಲ್ಲಿ ಥರ್ಮಲ್ ಮೇಲೆ ಓವರಾಲ್ ಹಾಕ್ಕೊಂಡು ದಿನಾ ಓಡಾಡಿದ್ರು, ಮಂಡಿ ನೋವು ಅಂತ ಒಂದು ದಿನ ಅನ್ನಲಿಲ್ಲ. ಫೋನ್ ಒಳಜೇಬಲ್ಲಿ ಇಟ್ಕೊಳ್ಳಿ, ಚಳಿಗೆ ಬ್ಯಾಟರಿ ಸರ್ರನೆ ಇಳಿದುಬಿಡುತ್ತೆ.

ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಮೋಟಾರು ಗಾಡಿ) ಮಗಳಿಗೆ ಇಷ್ಟ ಆಯ್ತು, ನನಗೆ ಹೊಗೆ ವಾಸನೆ ಸದ್ದು ಎರಡೂ ಸೇರಲಿಲ್ಲ, ಹಿಂದೆ ಕೂರೋ ವಯಸ್ಸಾದವರಿಗೆ ಬೆನ್ನು ಕುಲುಕುತ್ತೆ. ಹಿಮಸಾರಂಗದ ಬಂಡಿ ಅದಕ್ಕೆ ವಿರುದ್ಧ, ನಿಧಾನ, ಅತ್ತೆಯಂಥವರಿಗೆ ಹೇಳಿ ಮಾಡಿಸಿದ್ದು. ಕಾಡಲ್ಲಿ ಬಿಡಾಡಿ ಥರ ಕಾಣೋ ಒಂದೊಂದು ಹಿಮಸಾರಂಗಕ್ಕೂ ಅಲ್ಲಿ ಯಜಮಾನ ಇದ್ದಾನೆ, ಕಿವಿ ಕತ್ತರಿಸಿರೋ ಗುರುತು ನೋಡಿ ಯಾರದ್ದು ಅಂತ ಹೇಳ್ತಾರಂತೆ. ಸಾಂಟಾ ವಿಲೇಜ್ ಅನ್ನೋ ಸಾಂಟಾ ಕ್ಲಾಸ್ ಹೆಸರಿನ ಪ್ರವಾಸಿ ಜಾಗ ಊರಿಂದ 8 ಕಿಲೋಮೀಟರ್, ಆರ್ಕ್ಟಿಕ್ ವೃತ್ತದ ಗೆರೆ ಅಲ್ಲೇ ಹಾದುಹೋಗುತ್ತೆ. ಒಳಗೆ ಹೋಗೋಕೆ ದುಡ್ಡಿಲ್ಲ, ಸಿಟಿ ಬಸ್ಸೇ ಹೋಗುತ್ತೆ, ಇದಕ್ಕೆ ಏಜೆನ್ಸಿ "ಟೂರ್" ಅಂತ ಚಾರ್ಜ್ ಮಾಡಿದ್ರೆ ತೆಗೆಸಿ. ಪೋಸ್ಟಾಫೀಸ್ ಮಾತ್ರ ಬಿಡ್ಬೇಡಿ, ಕೆಂಪು ಡಬ್ಬಿಗೆ ಹಾಕಿದ ಕಾರ್ಡು ಮುಂದಿನ ಕ್ರಿಸ್‌ಮಸ್‌ಗೆ ಮನೆಗೆ ಬರುತ್ತೆ.

ಈಗ ಅರೋರಾ. ನಮ್ಮ ಪ್ಯಾಕೇಜಲ್ಲಿ "ನಾರ್ದರ್ನ್ ಲೈಟ್ಸ್ ಗ್ಯಾರಂಟಿ" ಅಂತ ಪ್ರಿಂಟ್ ಮಾಡಿದ್ರು. ಸೂರ್ಯನಿಂದ ಬರೋ ಕಣಗಳು ನೂರು ಕಿಲೋಮೀಟರ್ ಮೇಲೆ ಆಮ್ಲಜನಕಕ್ಕೆ ಹೊಡೆದು ಹಸಿರು ಬೆಳಕಾಗೋದಕ್ಕೆ ಯಾರು ರೀ ಗ್ಯಾರಂಟಿ ಕೊಡೋಕಾಗುತ್ತೆ, ಕೆಳಗೆ ಮೋಡ ಕವಿದ್ರೆ ಮುಗೀತು! ಅವತ್ತು ಮೋಡ ಇತ್ತು, ಬಸ್ಸಲ್ಲಿ ಮಧ್ಯರಾತ್ರಿವರೆಗೂ ಸುತ್ತಿಸಿ ವಾಪಸ್ ಕರ್ಕೊಂಡು ಬಂದ್ರು, ದುಡ್ಡು ಕೇಳಿದ್ರೆ ಪ್ರಕೃತಿ ನಮ್ಮ ಕೈಲಿಲ್ಲ ಅಂದ್ರು. ಇದು ನನಗೆ ತುಂಬಾ ಬೇಜಾರು ತಂದ ವಿಷ್ಯ. ಅಲ್ಲಿನ ಹವಾಮಾನ ಇಲಾಖೆ ಸೈಟಲ್ಲಿ ಮೋಡದ ಮುನ್ಸೂಚನೆ ನೋಡ್ಕೊಂಡು ಇನ್ನೊಂದು ರಾತ್ರಿ ಆರ್ಕ್ಟಿಕಮ್ ಮ್ಯೂಸಿಯಂ ಹಿಂದೆ ನದಿ ದಡಕ್ಕೆ ನಾವೇ ನಡ್ಕೊಂಡು ಹೋದ್ವಿ, ಬಂತು. ಕಣ್ಣಿಗೆ ಮೊದಲು ತೆಳು ಬೂದು ಮೋಡ ಅನ್ಸುತ್ತೆ, ಫೋನ್ ಕ್ಯಾಮೆರಾದಲ್ಲಿ ಹಸಿರು ಗೊತ್ತಾಗುತ್ತೆ, ಆಮೇಲೆ ಅದು ಅಲುಗಾಡೋಕೆ ಶುರುವಾದ್ರೆ ಕ್ಯಾಮೆರಾ ಬೇಕೇ ಆಗಲ್ಲ. ಒಂದೇ ಊರಲ್ಲಿ ನಾಕು ರಾತ್ರಿಯಾದ್ರೂ ಇದ್ರೆ ನೋಡೋ ಚಾನ್ಸ್ ಜಾಸ್ತಿ, ದಿನಾ ಊರು ಬದಲಾಯಿಸೋ ಪ್ಯಾಕೇಜ್ ಬೇಡ.

ಊಟಕ್ಕೆ "ಇಂಡಿಯನ್ ವೆಜ್" ಅಂತ ಹೇಳಿ ಕೊಟ್ಟಿದ್ದು ಸಲಾಡು, ಬೇಯಿಸಿದ ಆಲೂಗಡ್ಡೆ. ಅಡುಗೆಮನೆ ಇರೋ ಅಪಾರ್ಟ್‌ಮೆಂಟೇ ಕೇಳಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎಂಟಿಆರ್ ಉಪ್ಪಿಟ್ಟಿನ ಪ್ಯಾಕೆಟ್ ಇದ್ರೆ ನಡೆದುಹೋಗುತ್ತೆ. ಅಕ್ಕಿ, ಒಳ್ಳೆ ಮೊಸರು ಅಲ್ಲಿ ಸೂಪರ್‌ಮಾರ್ಕೆಟಲ್ಲೇ ಸಿಗುತ್ತೆ. ತುಪ್ಪ, ಹಾಲಿನ ಪದಾರ್ಥ ಇಲ್ಲಿಂದ ಒಯ್ಯಬೇಡಿ, ಯುರೋಪಿಯನ್ ಯೂನಿಯನ್ ಒಳಗೆ ಬಿಡಲ್ಲ. ಕರೇಲಿಯನ್ ಪೈ ಅಂತ ರೈ ಹಿಟ್ಟಿನ ಹಾಳೆಯೊಳಗೆ ಅನ್ನದ ಗಂಜಿ ತುಂಬಿರೋದು ಸಿಗುತ್ತೆ, ಮೇಲೆ ಮೊಟ್ಟೆ ಬೆಣ್ಣೆ ಹಾಕ್ಬೇಡಿ ಅಂತ ಹೇಳಿ ತಿನ್ನಿ, ಅತ್ತೆಗೆ ಅದು ಬಹಳ ಹಿಡಿಸ್ತು.

ಏಜೆನ್ಸಿಗೆ ವೀಸಾ ಕೆಲಸಕ್ಕೆ ಐದಕ್ಕೆ ನಾಕೂವರೆ ಕೊಡ್ತೀನಿ, ಪೇಪರ್‌ಗಳೆಲ್ಲ ಅಚ್ಚುಕಟ್ಟು, 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಅವರೇ ಮಾಡಿಸಿದ್ರು. ಊಟ, ಅರೋರಾ ಎರಡಕ್ಕೂ ಒಂದು. ಮತ್ತೆ ಹೋಗೋದಾದ್ರೆ ವೀಸಾ ಟಿಕೆಟ್ ಮಾತ್ರ ಅವರ ಹತ್ರ ಮಾಡಿಸಿ, ಆಕ್ಟಿವಿಟಿಗಳನ್ನ ಅಲ್ಲಿನ ಕಂಪನಿಗಳ ಹತ್ರ ನೇರವಾಗಿ ಬುಕ್ ಮಾಡ್ತೀನಿ. ಸ್ನೋಮೊಬೈಲ್ ಓಡಿಸೋ ಆಸೆ ಇರೋರು ಡಿಎಲ್ ಒರಿಜಿನಲ್ ಇಟ್ಕೊಂಡು ಹೋಗಿ, ಗಾಡಿಗೆ ಪೆಟ್ಟಾದ್ರೆ ಎಷ್ಟು ಯೂರೋ ನಮ್ಮ ತಲೆ ಮೇಲೆ ಬರುತ್ತೆ ಅಂತ ಸೈನ್ ಹಾಕೋಕೆ ಮುಂಚೆ ಓದಿ.