ಮೂಟ್ ಕೋರ್ಟೋ, ಮಾಕ್ ಟ್ರಯಲ್ಲೋ: ಎರಡನ್ನೂ ಮಾಡಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಮಾಕ್ ಟ್ರಯಲ್ ಇಷ್ಟ. ಕಾನೂನು ಓದಲು ಸೇರಿದ ಮೇಲೆ ಎರಡು ಮೂಟ್‌ಗಳಲ್ಲಿ, ಮೂರು ಮಾಕ್ ಟ್ರಯಲ್‌ಗಳಲ್ಲಿ ಭಾಗವಹಿಸಿದ್ದೇನೆ. ಯಾವುದಕ್ಕೆ ಹೆಸರು ಕೊಡಲಿ ಎಂದು ಜೂನಿಯರ್‌ಗಳು ಕೇಳಿದರೆ ಈಗ ತಡವರಿಸುವುದಿಲ್ಲ.

ಎರಡನ್ನೂ ಅಣಕು ನ್ಯಾಯಾಲಯ ಅಂತಲೇ ಕರೆಯುತ್ತೇವೆ, ಆದರೆ ಕೆಲಸ ಬೇರೆ ಬೇರೆ. ಮೂಟ್‌ನಲ್ಲಿ ಏನು ನಡೆಯಿತು ಎನ್ನುವುದಕ್ಕೆ ಜಗಳವಿಲ್ಲ, ಅದು ಕೊಟ್ಟ ಸಮಸ್ಯೆಯಲ್ಲೇ ಇರುತ್ತದೆ. ಕಾನೂನು ಏನು ಹೇಳುತ್ತದೆ ಎನ್ನುವುದಕ್ಕೆ ವಾದ. ಮಾಕ್ ಟ್ರಯಲ್‌ನಲ್ಲಿ ಏನು ನಡೆಯಿತು ಎನ್ನುವುದಕ್ಕೇ ಜಗಳ. ಸಾಕ್ಷಿಗಳು ಕಟಕಟೆಗೆ ಬರುತ್ತಾರೆ, ಪಾಟೀ ಸವಾಲು ನಡೆಯುತ್ತದೆ.

ಮೂಟ್‌ನಲ್ಲಿ ನನ್ನನ್ನು ಹಣ್ಣು ಮಾಡಿದ್ದು ಫುಟ್‌ನೋಟ್. ಅದು ಅಂತರರಾಷ್ಟ್ರೀಯ ಕಾನೂನಿನ ಮೂಟ್. ಜೆಸಪ್ ಎನ್ನುವ ದೊಡ್ಡ ಅಂತರರಾಷ್ಟ್ರೀಯ ಮೂಟ್ ಸ್ಪರ್ಧೆಯಲ್ಲಿ ಇರುವ ಹಾಗೆ ಇಲ್ಲೂ ಒಂದೇ ತಂಡ ಎರಡೂ ಪಕ್ಷಗಳ ಪರವಾಗಿ ಮೆಮೋರಿಯಲ್, ಅಂದರೆ ಲಿಖಿತ ವಾದ, ಬರೆಯಬೇಕು. ನಾಲ್ಕು ಜನ ಭಾಗ ಹಂಚಿಕೊಂಡು ಬರೆದೆವು. ಒಂದು ತೀರ್ಪನ್ನು ಮೊದಲ ಸಲ ಉಲ್ಲೇಖಿಸುವಾಗ ಪೂರ್ತಿ ವಿವರ ಕೊಡಬೇಕು. ಆಮೇಲೆ 'ಸುಪ್ರಾ ನೋಟ್ 34' ಅಂದರೆ ಸಾಕು, ಮೇಲಿನ 34ನೇ ಟಿಪ್ಪಣಿ ನೋಡಿ ಅಂತ ಅರ್ಥ. ಆ 34 ಅನ್ನು ನಾವು ಕೈಯಲ್ಲೇ ಟೈಪ್ ಮಾಡಿದ್ದೆವು.

ಕಳಿಸುವ ಹಿಂದಿನ ರಾತ್ರಿ ನೋಡಿದರೆ ಪದಗಳು ಜಾಸ್ತಿ ಆಗಿವೆ. ಒಂದು ಪ್ಯಾರಾ ತೆಗೆದೆವು. ಅದರ ಜೊತೆ ಮೂರು ಫುಟ್‌ನೋಟ್ ಹೋದವು. ಉಳಿದವುಗಳಿಗೆ ವರ್ಡ್ ತಾನಾಗಿಯೇ ಹೊಸ ಸಂಖ್ಯೆ ಕೊಟ್ಟಿತು. ನಾವು ಟೈಪ್ ಮಾಡಿದ್ದ 34 ಮಾತ್ರ ಹಾಗೇ ಉಳಿಯಿತು. ನಮ್ಮ ತೀರ್ಪು 31ಕ್ಕೆ ಹೋಗಿ ಕೂತಿತ್ತು. ಒಬ್ಬರು ಸಂಖ್ಯೆ ಓದುವುದು, ಇನ್ನೊಬ್ಬರು ಹುಡುಕಿ ತಿದ್ದುವುದು, ಹೀಗೆ ಬೆಳಗಾಯಿತು. ಆದರೂ ಕೆಲವು ತಪ್ಪಿಹೋದವು.

ವಾದದ ದಿನ ನ್ಯಾಯಾಧೀಶರೊಬ್ಬರು ನಮ್ಮ ಮೆಮೋರಿಯಲ್ ತೆರೆದರು. "ಬಲಪ್ರಯೋಗದ ಮಾತಿಗೆ ಪ್ರೇಹ್ ವಿಹಿಯರ್ ದೇವಾಲಯದ ತೀರ್ಪು ತೋರಿಸಿದ್ದೀರಲ್ಲ, ಯಾವ ಪುಟದಲ್ಲಿದೆ?" ಎಂದು ಕೇಳಿದರು. 1962ರ ಆ ತೀರ್ಪು ದೇವಾಲಯ ಯಾವ ದೇಶದ ನೆಲದಲ್ಲಿದೆ ಎನ್ನುವುದರ ಬಗ್ಗೆ. ನಮಗೆ ಬೇಕಿದ್ದದ್ದು ಬಲಪ್ರಯೋಗದ ಬಗ್ಗೆ ಇರುವ 1986ರ ನಿಕರಾಗುವಾ ತೀರ್ಪು. ತಿದ್ದದೆ ಉಳಿದ ಸಂಖ್ಯೆ ಈಗ ಬೇರೆ ಟಿಪ್ಪಣಿಯನ್ನು ತೋರಿಸುತ್ತಿತ್ತು. ಕ್ಷಮೆ ಕೇಳಿ ತಿದ್ದಿದೆ. ಅಷ್ಟರಲ್ಲಿ ಮೂರು ನಿಮಿಷ ಹೋಗಿತ್ತು. ಉಲ್ಲೇಖದ ತಪ್ಪಿಗೆ ಅಂಕವೂ ಹೋಯಿತು. ನಾಲ್ಕು ತಿಂಗಳು ಓದಿದ್ದನ್ನು ಹೇಳಲು ಸಮಯವೇ ಉಳಿಯಲಿಲ್ಲ. ಆ ಸಂಕಟ ಈಗಲೂ ಇದೆ.

ಮೂಟ್‌ಗೇ ಹೋಗುವವರು ದಯವಿಟ್ಟು ಮೊದಲ ದಿನದಿಂದಲೇ ವರ್ಡ್‌ನ ಕ್ರಾಸ್ ರೆಫರೆನ್ಸ್ ಬಳಸಿ. ಸಂಖ್ಯೆ ಕೈಯಲ್ಲಿ ಹಾಕಬೇಡಿ. ಕೊನೆಗೆ ಯಾವುದಾದರೂ ಫುಟ್‌ನೋಟ್ ಒಳಗೆ ಕ್ಲಿಕ್ ಮಾಡಿ, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಎಫ್9 ಒತ್ತಿ. ಮೇಲಿನ ಪಠ್ಯದಲ್ಲಿ ನಿಂತು ಒತ್ತಿದರೆ ಫುಟ್‌ನೋಟ್‌ಗಳು ಬದಲಾಗುವುದಿಲ್ಲ.

ಮಾಕ್ ಟ್ರಯಲ್‌ನಲ್ಲಿ ಈ ಕಾಟವಿಲ್ಲ. ಕೇಸಿನ ಕಾಗದಗಳನ್ನು ಸ್ಪರ್ಧೆ ನಡೆಸುವವರೇ ಕೊಡುತ್ತಾರೆ. ಸಾಕ್ಷಿಗಳ ಹೇಳಿಕೆ, ಒಂದೆರಡು ದಾಖಲೆ, ಅಷ್ಟೇ. ಅದರಾಚೆ ಏನನ್ನೂ ಹುಟ್ಟಿಸಿ ಹೇಳುವಂತಿಲ್ಲ. ತಯಾರಿಗೆ ನನಗೆ ಮೂರೇ ವಾರ ಸಾಕಾಯಿತು.

ನನ್ನ ಎರಡನೇ ಟ್ರಯಲ್‌ನಲ್ಲಿ ಎದುರು ತಂಡದ ಸಾಕ್ಷಿ, "ಕಳ್ಳನ ಮುಖ ಚೆನ್ನಾಗಿ ನೋಡಿದೆ" ಎಂದಳು. ನನ್ನ ಹಾಳೆಯಲ್ಲಿ ಹನ್ನೆರಡು ಪ್ರಶ್ನೆ ಇದ್ದವು. ಹಾಳೆ ಮಡಚಿಟ್ಟೆ. "ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದು ನೀವೇ ಅಲ್ವಾ?" ಹೌದು. "ಸಹಿ ನಿಮ್ಮದೇ?" ಹೌದು. "ಎರಡನೇ ಪುಟದ ನಾಲ್ಕನೇ ಸಾಲು ಓದಿ." ಅವಳು ನಿಧಾನವಾಗಿ ಓದಿದಳು: "ಮುಖ ಕಾಣಲಿಲ್ಲ, ನಡಿಗೆ ನೋಡಿ ಗುರುತಿಸಿದೆ." ಹಾಗಾದರೆ ಈಗ ಯಾಕೆ ಹೀಗೆ ಹೇಳುತ್ತಿದ್ದೀರಿ ಎಂದು ಕೇಳುವ ಆಸೆ ಬಾಯಿಯವರೆಗೆ ಬಂತು. ಕೇಳಿದ್ದರೆ ಅವಳಿಗೆ ವಿವರಣೆ ಕೊಡಲು ಅವಕಾಶ ಸಿಗುತ್ತಿತ್ತು. ಸುಮ್ನೆ ಕೂತೆ. ಎದುರಿನವರ ಮಾತನ್ನು ಅಷ್ಟು ಗಮನ ಕೊಟ್ಟು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಮಾಕ್ ಟ್ರಯಲ್‌ನಲ್ಲಿ ತೊಂದರೆ ಇಲ್ಲ ಅಂತಲ್ಲ. ಹೌದು-ಇಲ್ಲ ಎನ್ನಬೇಕಾದ ಕಡೆ ಭಾಷಣ ಮಾಡಿ ಸಮಯ ತಿನ್ನುವ ಸಾಕ್ಷಿಗಳು ಸಿಗುತ್ತಾರೆ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವಾಗ ಮೂಟ್ ಹೆಸರಿಗೇ ತೂಕ ಜಾಸ್ತಿ, ಜೆಸಪ್ 1960ರಿಂದ ನಡೆಯುತ್ತಿದೆ. ಸಂಶೋಧನೆ, ಬರವಣಿಗೆ ಕಲಿಯಲು ಮೂಟೇ ಮೇಲು.

ಆದರೆ ಸಂಜೆ ನಾನು ಕೆಲಸಕ್ಕೆ ಹೋಗುತ್ತೇನೆ. ವಾಣಿಜ್ಯ ಮಧ್ಯಸ್ಥಿಕೆಯ ಸ್ಪರ್ಧೆಯಾದ ವಿಸ್ ಮೂಟ್‌ನ ಸಮಸ್ಯೆ ಅಕ್ಟೋಬರ್‌ನಲ್ಲಿ ಬರುತ್ತದೆ, ವಿಯೆನ್ನಾದಲ್ಲಿ ವಾದ ನಡೆಯುವುದು ಈಸ್ಟರ್ ಹೊತ್ತಿಗೆ. ಅಷ್ಟು ತಿಂಗಳು ಬಿಡುವು ನನಗಿಲ್ಲ, ಪ್ರಯಾಣಕ್ಕೆ ದುಡ್ಡೂ ಇಲ್ಲ. ಓದಿದ್ದಕ್ಕಿಂತ ಕೇಳಿದ್ದು ನನ್ನ ತಲೆಯಲ್ಲಿ ಜಾಸ್ತಿ ಉಳಿಯುತ್ತದೆ. ವಿಚಾರಣಾ ನ್ಯಾಯಾಲಯದಲ್ಲೇ ವಕೀಲಿ ಮಾಡಬೇಕು ಎನ್ನುವ ಆಸೆಯೂ ಇದೆ. ಕೊನೆಯ ವರ್ಷದ ಟ್ರಯಲ್‌ಗೆ ಮೊನ್ನೆ ಹೆಸರು ಕೊಟ್ಟೆ. ಈ ಸಲ ನನ್ನದು ಸಾಕ್ಷಿಯ ಪಾತ್ರ, ಕಟಕಟೆಯಿಂದ ಪಾಟೀ ಸವಾಲು ಹೇಗಿರುತ್ತದೆ ಎಂದು ನೋಡಬೇಕಿದೆ.