ಮನಿಯಾಗ ಯಾರೂ ಇಲ್ಲ, ಪ್ಲಂಬರ್ ಬರಾಂವ ಅದಾನ: ಚಾವಿ ಡಬ್ಬಿ, ಕೀಲಿಯ ಬದಲಿ ಸಿಲಿಂಡರ್, ಡಿಜಿಟಲ್ ಕೀಲಿ ವಿಮರ್ಶೆ

"ತುಳಸಿಕಟ್ಟಿ ಹಿಂದ ಐತ್ರಿ." "ಮೀಟರ್ ಡಬ್ಬಿ ಮ್ಯಾಲ ಇಟ್ಟೇನಿ." "ಚಪ್ಪಲಿ ಸ್ಟ್ಯಾಂಡಿನ್ಯಾಗ ಹಳೇ ಬೂಟ್ ಐತಿ ನೋಡ್ರಿ, ಅದರಾಗ." ಮನೆಯವರೆಲ್ಲ ಬೆಳಿಗ್ಗೆ ಚಿಗರಿ ಬಸ್ ಹತ್ತಿ ಒಬ್ಬರು ಹುಬ್ಬಳ್ಳಿಗೆ, ಒಬ್ಬರು ಧಾರವಾಡಕ್ಕೆ ಹೋಗುವ ಮನೆಗಳಲ್ಲಿ ಕೆಲಸದವರಿಗೆ ಚಾವಿ ಸಿಗುವುದು ಹೀಗೆಯೇ. ಈ ಮೂರೂ ಜಾಗ ಓಣಿಯ ಹುಡುಗರಿಗೂ ಗೊತ್ತು, ಕಳ್ಳನಿಗೂ ಗೊತ್ತು. ಇದರ ಬದಲಿಗೆ ಈಗ ಹಾರ್ಡ್‌ವೇರ್ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಮೂರು ಸಾಮಾನು ಸಿಗುತ್ತವೆ: ನಂಬರ್ ಹಾಕಿ ತೆರೆಯುವ ಚಾವಿ ಡಬ್ಬಿ, ಕೆಲಸದ ದಿನಗಳಿಗೆಂದೇ ಹಾಕುವ ಬದಲಿ ಸಿಲಿಂಡರ್ (ಕೀಲಿಯಲ್ಲಿ ಚಾವಿ ಹೋಗುವ ತುಂಡು), ಮತ್ತು ಡಿಜಿಟಲ್ ಕೀಲಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಬಾಗಿಲು, ಗೋಡೆ, ನಳದ ನೀರು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಯಾವುದು ಹೊಂದುತ್ತದೆ ಎಂಬುದು ಇಲ್ಲಿಯ ಮಾತು.

ಯಾವುದನ್ನು ಕೊಳ್ಳುವ ಮೊದಲೂ ಒಂದು ಕೆಲಸ ಮಾಡಿ. ಪಡಸಾಲೆಯ ಬಾಗಿಲು ತೆರೆಯದೆ ಆಗುವ ಕೆಲಸ ಯಾವುವು, ಬೇರೆ ಮಾಡಿ. ಮಾಳಿಗೆಯ ಮೇಲಿನ ನೀರಿನ ಟಾಕಿ, ಸಂಪಿನ ಮೋಟಾರು, ಮೀಟರ್ ಬೋರ್ಡು, ಕಂಪೌಂಡಿನ ಗೌಂಡಿ ಕೆಲಸ, ಹೊರಗಿನ ಬಣ್ಣ, ಸೋಲಾರ್ ಹೀಟರು: ಹೊರ ಮೆಟ್ಟಿಲಿದ್ದ ಮನೆಯಲ್ಲಿ ಇವು ಯಾವುದಕ್ಕೂ ಒಳಗಿನ ಚಾವಿ ಬೇಕಿಲ್ಲ. ಆದರೂ ಇಡೀ ಗೊಂಚಲನ್ನೇ ಕೊಡುತ್ತೇವೆ, ಯಾಕೆಂದರೆ ಗೇಟು, ಮೋಟಾರ್ ಡಬ್ಬಿ, ಮಾಳಿಗೆ ಬಾಗಿಲು, ದೊಡ್ಡ ಬಾಗಿಲು ಎಲ್ಲದರ ಚಾವಿ ಒಂದೇ ರಿಂಗಿನಲ್ಲಿರುತ್ತವೆ. ರಿಂಗು ಎರಡು ಮಾಡಿ. ಇಪ್ಪತ್ತು ರೂಪಾಯಿಯ ಈ ಕೆಲಸ ಇಪ್ಪತ್ತು ಸಾವಿರದ ಕೀಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ಕೆಲಸವನ್ನು ಮಾತ್ರ ಮನೆಯಲ್ಲಿ ಯಾರೂ ಇಲ್ಲದಾಗ ಮಾಡಿಸಲೇಬಾರದು: ಸಂಪಿನೊಳಗೆ ಇಳಿದು ತೊಳೆಯುವುದು. ಬಹಳ ದಿನ ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿ ಇರದೆ ಹೋಗಬಹುದು. ಒಬ್ಬನೇ ಇಳಿದವನಿಗೆ ತಲೆ ಸುತ್ತಿದರೆ ಮೇಲಿಂದ ಕೈ ಕೊಡುವವರಿರುವುದಿಲ್ಲ. ಇದು ಕಳವಿನ ಭಯಕ್ಕಿಂತ ದೊಡ್ಡದು.

ಈಗ ಚಾವಿ ಡಬ್ಬಿ. ಬೆಲೆ ಸುಮಾರು 700ರಿಂದ 2,000 ರೂಪಾಯಿ. ಎರಡು ಜಾತಿ ಇವೆ: ನಾಲ್ಕು ಗಾಲಿ ತಿರುಗಿಸುವುದು ಒಂದು, ಹತ್ತು ಗುಂಡಿ ಒತ್ತುವುದು ಇನ್ನೊಂದು. ನೋಡಲು ಗುಂಡಿಯದ್ದೇ ಗಟ್ಟಿ ಅನಿಸುತ್ತದೆ, ಆದರೆ ಲೆಕ್ಕ ಉಲ್ಟಾ. ನಾಲ್ಕು ಗಾಲಿಯಲ್ಲಿ 10,000 ನಂಬರ್ ಆಗುತ್ತವೆ. ಗುಂಡಿಯ ಸಾದಾ ಡಬ್ಬಿಗಳಲ್ಲಿ ಯಾವ ಗುಂಡಿ ಒತ್ತಿದಿರಿ ಎಂಬುದು ಮಾತ್ರ ಮುಖ್ಯ, ಯಾವುದನ್ನು ಮೊದಲು ಒತ್ತಿದಿರಿ ಎಂಬುದು ಅಲ್ಲ. ಹೀಗಾಗಿ ನಾಲ್ಕು ಗುಂಡಿಯ ನಂಬರ್ ಇಟ್ಟರೆ ಬರೀ 210 ಜೋಡಣೆ. ಸಿಮೆಂಟು ಮೆತ್ತಿದ ಕೈಯಿಂದ ಗೌಂಡಿ ಒಮ್ಮೆ ಒತ್ತಿ ಹೋದರೆ ಯಾವ ನಾಲ್ಕು ಎಂದು ಗುಂಡಿಗಳೇ ಹೇಳುತ್ತವೆ. ಆದ್ದರಿಂದ ಗಾಲಿಯದ್ದನ್ನೇ ತೆಗೆದುಕೊಳ್ಳಿ, ಮೇಲೆ ರಬ್ಬರ್ ಮುಚ್ಚಳ ಇರುವುದನ್ನು ನೋಡಿ. ಧಾರವಾಡದ ಜಿಟಿಜಿಟಿ ಮಳೆಗೂ ಬೇಸಿಗೆಯ ಧೂಳಿಗೂ ಮುಚ್ಚಳವಿಲ್ಲದ ಗಾಲಿ ಒಂದೇ ವರ್ಷದಲ್ಲಿ ಬಿಗಿಯುತ್ತದೆ. ಬಿಗಿದಾಗ ಕೊಬ್ಬರಿ ಎಣ್ಣೆ ಬಿಡಬೇಡಿ, ಎಣ್ಣೆಗೆ ಧೂಳು ಹಿಡಿದು ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಊದಿದರೆ ಸಾಕು.

ಡಬ್ಬಿಯ ಜೊತೆ ಬರುವ ಸ್ಕ್ರೂಗಳೇ ಇದರ ದೊಡ್ಡ ದೋಷ. ಅವು ಗಿಡ್ಡ. ನಮ್ಮ ಇಟ್ಟಂಗಿ ಗೋಡೆಗೆ 15ರಿಂದ 20 ಮಿಲಿಮೀಟರ್ ಗಿಲಾವು ಇರುತ್ತದೆ, ಗಿಡ್ಡ ಸ್ಕ್ರೂ ಆ ಗಿಲಾವನ್ನಷ್ಟೇ ಕಚ್ಚುತ್ತದೆ. ಒಂದು ಕಬ್ಬಿಣದ ಪಟ್ಟಿ ಹಾಕಿ ಮೀಟಿದರೆ ಡಬ್ಬಿ ಗಿಲಾವು ಸಮೇತ ಕೈಗೆ ಬರುತ್ತದೆ. 8 ಮಿಲಿಮೀಟರ್ ಬಿಟ್‌ನಿಂದ ತೂತು ಕೊರೆದು ಗಟ್ಟಿ ಪ್ಲಗ್ಗು ಹಾಕಿ, ಕನಿಷ್ಠ 60 ಮಿಲಿಮೀಟರ್ ಉದ್ದದ ಸ್ಕ್ರೂ ನಾಲ್ಕೂ ಮೂಲೆಗೆ ಬಿಗಿಸಿ. ತೂತು ಇಟ್ಟಂಗಿಯ ನಡುವೆ ಬೀಳಲಿ, ಸಂದಿಯ ಗಾರೆಯಲ್ಲಿ ಅಲ್ಲ. ಹಳೇ ಹುಬ್ಬಳ್ಳಿಯ, ಮಾಳಮಡ್ಡಿಯ ಹಳೆಯ ಮಣ್ಣಿನ ಗೋಡೆಗೆ ಇದು ನಿಲ್ಲುವುದೇ ಇಲ್ಲ. ಅಂಥಲ್ಲಿ ಕೊಂಡಿ ಇರುವ, ನೇತುಹಾಕುವ ಡಬ್ಬಿ ತಂದು ದಪ್ಪ ಸರಳಿಗೆ ಹಾಕಿ. ದಾರಿಗೆ ಕಾಣುವ ಹಾಗೆ ಗೇಟಿಗೆ ಅಲ್ಲ, ಬಾಜೂ ಸಂದಿಯ ಕಿಟಕಿಗೆ. ಹಳೆಯ ಬಾಗಿಲಿನ ಗೇಣುದ್ದದ ಕಬ್ಬಿಣದ ಚಾವಿ ಯಾವ ಡಬ್ಬಿಯಲ್ಲೂ ಹಿಡಿಯುವುದಿಲ್ಲ, ತರುವ ಮೊದಲು ಅಳತೆ ನೋಡಿ.

ನಂಬರ್ ಬದಲಿಸುವಾಗ ಆಗುವ ತಪ್ಪು ಒಂದೇ. ಡಬ್ಬಿ ತೆರೆದಾಗ ಒಳಗೆ ಸಣ್ಣ ಹಿಡಿ ಇರುತ್ತದೆ: ಅದನ್ನು ಸರಿಸಿ, ಹೊಸ ನಂಬರ್ ಕೂಡಿಸಿ, ಹಿಡಿಯನ್ನು ಮೊದಲಿನ ಜಾಗಕ್ಕೆ ತರಬೇಕು. ತರದೆ ಮುಚ್ಚಿ ಗಾಲಿ ತಿರುವಿದರೆ ನಂಬರ್ ಯಾವುದಾಯಿತು ಎಂಬುದು ದೇವರಿಗೇ ಗೊತ್ತು. ಒಂದೊಂದಕ್ಕೆ ಮೂರು ಸೆಕೆಂಡಿನಂತೆ ಹತ್ತು ಸಾವಿರವನ್ನೂ ತಿರುವಿ ನೋಡಲು ಎಂಟು ತಾಸಿನ ಮೇಲೆ ಬೇಕು. ಮುಚ್ಚಿದ ಮೇಲೆ ನಾಲ್ಕೂ ಗಾಲಿ ಕಲಕಿ. ಬಹಳ ಮಂದಿ ಕೊನೆಯದೊಂದನ್ನೇ ತಿರುವುತ್ತಾರೆ, ಹಾಗಾದರೆ ಹತ್ತೇ ಸಲದಲ್ಲಿ ಡಬ್ಬಿ ತೆರೆದೀತು. ಗಾಡಿ ನಂಬರ್, ಹುಟ್ಟಿದ ವರ್ಷ ಬೇಡ. ಗಾಡಿ ಅಂಗಳದಲ್ಲೇ ನಿಂತಿರುತ್ತದಲ್ಲ.

ಡಬ್ಬಿ ಚಾವಿಯನ್ನು ಕಾಯುತ್ತದೆ. ಆದರೆ ಚಾವಿ ಕೈಗೆ ಹೋದ ಮೇಲೆ ಅದರ ನಕಲನ್ನು ಕಾಯುವುದಿಲ್ಲ. ಪೇಟೆಯ ಬದಿಯಲ್ಲಿ ಕೂತು ಚಾವಿ ಮಾಡುವವನಿಗೆ ಸಾದಾ ಚಾವಿಯ ನಕಲು ಹತ್ತು ನಿಮಿಷದ ಕೆಲಸ. ಒಂದು ತಾಸಿನ ನಳ ರಿಪೇರಿಗೆ ಇದು ಅತಿಯಾದ ಅಂಜಿಕೆ. ವಾರಗಟ್ಟಲೆ ನಡೆಯುವ ಬಣ್ಣ, ಬಡಿಗತನ, ಟೈಲ್ಸ್ ಕೆಲಸಕ್ಕೆ ಅಲ್ಲ. ಆಗ ಮೇಸ್ತ್ರಿ ಒಬ್ಬನಾದರೂ ದಿನಕ್ಕೊಬ್ಬ ಹೊಸ ಹುಡುಗ ಬರುತ್ತಾನೆ, ಚಾವಿ ಯಾರ ಕಿಸೆಯಲ್ಲಿತ್ತು ಎಂದು ಮೇಸ್ತ್ರಿಗೂ ಗೊತ್ತಿರುವುದಿಲ್ಲ.

ಅಲ್ಲಿಗೆ ಬೇಕಾದದ್ದು ಬದಲಿ ಸಿಲಿಂಡರ್. ಮೂರರಲ್ಲಿ ನಮ್ಮ ಮೊದಲ ಆಯ್ಕೆ ಇದೇ, ಅಂಗಡಿಯವರು ತಾವಾಗಿ ಹೇಳದ ಸಾಮಾನೂ ಇದೇ. ಹೊಸ ಮನೆಗಳ ಹ್ಯಾಂಡಲ್ ಇರುವ ಕೀಲಿಗಳಲ್ಲಿ ಚಾವಿ ಹೋಗುವ ಭಾಗ ಬೇರೆ ತುಂಡಾಗಿರುತ್ತದೆ, ಇಡೀ ಕೀಲಿ ಬದಲಿಸಬೇಕಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಅದರ ದಪ್ಪದ ಪಟ್ಟಿ ನೋಡಿ: ಚಾವಿ ತೂತಿನ ಮಟ್ಟದಲ್ಲಿ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ತೆಗೆಯಿರಿ. ಚಾವಿ ಹಾಕಿ ಗಡಿಯಾರದ ಮುಳ್ಳು 12ರಿಂದ 11ಕ್ಕೋ 1ಕ್ಕೋ ಹೋದಷ್ಟು ತಿರುಗಿಸಿ, ಮೆಲ್ಲಗೆ ಎಳೆಯಿರಿ. ನಡುವಿನ ನಾಲಿಗೆ ಮೈಯೊಳಗೆ ಸರಿದು ಸಿಲಿಂಡರ್ ಹೊರಗೆ ಬರುತ್ತದೆ. ಬರದಿದ್ದರೆ ಬಡಿಯಬೇಡಿ, ಇನ್ನೂ ಕೂದಲೆಳೆಯಷ್ಟು ತಿರುಗಿಸಿ. ಸ್ಕ್ರೂ ತೂತಿನ ನಡುವಿನಿಂದ ಎರಡೂ ತುದಿಗೆ ಅಳೆಯಿರಿ. 30 ಮತ್ತು 30 ಬಂದರೆ 60ರ ಸಿಲಿಂಡರ್, 30 ಮತ್ತು 40 ಬಂದರೆ 70ರದ್ದು. ಬರೀ 70 ಎಂದು ಕೇಳಿದರೆ ಅಂಗಡಿಯಾತ 35-35 ಕೊಟ್ಟಾನು, ಒಂದು ಕಡೆ ಹೊರಗೆ ಚಾಚಿ ಇನ್ನೊಂದು ಕಡೆ ಒಳಗೆ ಹುದುಗುತ್ತದೆ. ಹಳೆಯದನ್ನೇ ಕಿಸೆಯಲ್ಲಿಟ್ಟುಕೊಂಡು ಹೋಗುವುದು ವಾಸಿ. ಹೊರಗೆ ಚಾವಿ, ಒಳಗೆ ಕೈಯಿಂದ ತಿರುಗಿಸುವ ಗುಬ್ಬಿ ಇರುವ ಜಾತಿ ತನ್ನಿ. ಎರಡೂ ಕಡೆ ಚಾವಿ ಇರುವ ಸಾದಾ ಸಿಲಿಂಡರಿನಲ್ಲಿ ಒಳಗಡೆ ಚಾವಿ ಬಿಟ್ಟು ಬಾಗಿಲು ಎಳೆದುಕೊಂಡರೆ ಹೊರಗಿನ ಚಾವಿ ಕೆಲಸ ಮಾಡುವುದಿಲ್ಲ.

ಕೆಲಸ ಶುರುವಾಗುವ ದಿನ ಬದಲಿ ಹಾಕಿ, ಮುಗಿದ ಸಂಜೆ ನಿಮ್ಮದನ್ನು ಮತ್ತೆ ಹಾಕಿ. ನಕಲು ಎಷ್ಟು ಆಗಿದ್ದರೂ ಆಗಿರಲಿ. ಕೊಂಡಿಗೆ ತೂಗುಕೀಲಿ ಹಾಕುವ ಮನೆಯವರಿಗೆ ಇಷ್ಟೂ ಬೇಡ, ಕೆಲಸದ ದಿನಗಳಿಗೆ ಬೇರೆ ಕೀಲಿ ಹಾಕಿದರಾಯಿತು. ಚಪ್ಪಟೆ ಉದ್ದ ಚಾವಿಯ ಹಳೆಯ ಲಿವರ್ ಕೀಲಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಡಿಜಿಟಲ್ ಕೀಲಿ ಹೆಚ್ಚಾಗಿ 8,000ದಿಂದ 30,000 ರೂಪಾಯಿವರೆಗೆ ಇದೆ. ಕೆಲಸದವರಿಗೆ ಕೊಡಲು ಎರಡು ಬಗೆಯ ನಂಬರ್ ಮಾಡಬಹುದು: ಒಂದೇ ಸಲ ನಡೆಯುವುದು, ಮತ್ತು ಇಂತಿಷ್ಟು ಹೊತ್ತಿನವರೆಗೆ ನಡೆಯುವುದು. ಜಾಹೀರಾತಿನಲ್ಲಿ ಮೊದಲನೆಯದನ್ನೇ ಹೊಗಳುತ್ತಾರೆ. ಪ್ಲಂಬರ್ ಕೆಲಸ ಗೊತ್ತಿದ್ದವರು ಅದನ್ನು ಬಳಸುವುದಿಲ್ಲ, ಯಾಕೆಂದರೆ ಯಾವ ಪ್ಲಂಬರನೂ ಒಂದೇ ಸಲ ಒಳಗೆ ಬರುವುದಿಲ್ಲ. ಎಲ್ಬೋ ತರಲು ಒಮ್ಮೆ, ಟೆಫ್ಲಾನ್ ಟೇಪ್ ಮರೆತದ್ದಕ್ಕೆ ಒಮ್ಮೆ, ಚಾಕ್ಕೆ ಒಮ್ಮೆ ಹೊರಗೆ ಹೋಗುತ್ತಾನೆ. ಹೊತ್ತಿನ ನಂಬರನ್ನೇ ಕೊಡಿ, ಅವನು ಹೇಳಿದ ಹೊತ್ತಿನ ಮೇಲೆ ಮೂರು ತಾಸು ಹೆಚ್ಚಿಗೆ ಹಿಡಿದು. ತಾನಾಗಿ ಕೀಲಿ ಬೀಳುವ ಸೌಲಭ್ಯವನ್ನು ಆ ದಿನದ ಮಟ್ಟಿಗೆ ಬಂದ್ ಮಾಡಿ. ಇಲ್ಲವಾದರೆ ಫೋನ್ ಬಂತೆಂದು ಹೊರಗೆ ಬಂದವನ ಸಾಮಾನು ಒಳಗೆ, ಅವನು ಹೊರಗೆ.

ಹೊಂದುತ್ತದೆಯೋ ಇಲ್ಲವೋ ಎಂಬುದು ಬಾಗಿಲಿನ ಮೇಲೆ. ಸಪ್ತಾಪುರದ ಹೊಸ ಅಪಾರ್ಟ್‌ಮೆಂಟಿನ ಒಂಟಿ ಬಾಗಿಲಿಗೆ ಸಲೀಸಾಗಿ ಕೂಡುತ್ತದೆ. ಎರಡು ಪಡಿಯ ಸಾಗವಾನಿ ಬಾಗಿಲಿಗೆ ಕೂಡುವುದು ಕಷ್ಟ. ಜೂನ್ ಜುಲೈ ಬಂತೆಂದರೆ ಕಟ್ಟಿಗೆ ಉಬ್ಬಿ ಕೀಲಿಯ ಬೋಲ್ಟ್ ಚೌಕಟ್ಟಿನ ತೂತಿಗೆ ಉಜ್ಜುತ್ತದೆ, ಮೋಟಾರು ಒದ್ದಾಡಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಚೌಕಟ್ಟಿನ ತಗಡಿನ ತೂತನ್ನು ಒಂದೆರಡು ಮಿಲಿಮೀಟರ್ ಅರದಿಂದ ಉಜ್ಜಿ ಅಗಲ ಮಾಡಿದರೆ ಸರಿಹೋಗುತ್ತದೆ. ಸೆಲ್ಲು ಆಲ್ಕಲೈನ್ ಇರಲಿ. ಚಾರ್ಜ್ ಆಗುವ 1.2 ವೋಲ್ಟಿನ ಸೆಲ್ಲು ಹಾಕಿದರೆ ಎಷ್ಟು ಉಳಿದಿದೆ ಎಂಬ ಲೆಕ್ಕವೇ ತಪ್ಪುತ್ತದೆ. ಬಾಡಿಗೆ ಮನೆ ನಡೆಸುವವರಿಗೆ ಈ ದುಡ್ಡು ದಂಡವಲ್ಲ, ಉಳಿದವರಿಗೆ ಬರೀ ಕೆಲಸದವರ ಸಲುವಾಗಿ ಇಷ್ಟು ಖರ್ಚು ಬೇಡ.

ಕ್ಯಾಮೆರಾ ಇಟ್ಟರೆ ಸಾಕಲ್ಲವೇ ಎನ್ನುವವರಿಗೆ ಒಂದು ಮಾತು: ಇಲೆಕ್ಟ್ರಿಶಿಯನ್ ಬಂದು ಮಾಡುವ ಮೊದಲ ಕೆಲಸವೇ ಮೇನ್ ಇಳಿಸುವುದು. ಇನ್ವರ್ಟರ್ ಲೈನಿನಲ್ಲಿ ಇಲ್ಲದಿದ್ದರೆ ರೂಟರ್ ಹೋಯಿತು, ಕ್ಯಾಮೆರಾ ಹೋಯಿತು. ಅದಕ್ಕೆ ಅವನ ಮೇಲೆ ಸಂಶಯ ಪಡುವಂಥದ್ದು ಏನೂ ಇಲ್ಲ. ಬಣ್ಣದವರು ಎಲ್ಲಕ್ಕೂ ಪ್ಲಾಸ್ಟಿಕ್ ಮುಚ್ಚುತ್ತಾರೆ, ಕ್ಯಾಮೆರಾಕ್ಕೂ. ಇಟ್ಟಿದ್ದರೆ ಮೊದಲೇ ಹೇಳಿ, ಬಾಗಿಲ ಕಡೆ ಮಾತ್ರ ಮುಖ ಮಾಡಿಡಿ.

ನಿಜ ಹೇಳಬೇಕೆಂದರೆ ಯಾರೂ ಇಲ್ಲದ ಮನೆಯಲ್ಲಿ ಹೆಚ್ಚಾಗಿ ಆಗುವ ಹಾನಿ ಕಳವಿನದ್ದಲ್ಲ, ನೀರಿನದ್ದು. ಇಲ್ಲಿಯ ಬಹಳಷ್ಟು ಓಣಿಗಳಲ್ಲಿ ನಳದ ನೀರು ಹಲವು ದಿನಕ್ಕೊಮ್ಮೆ, ಅದೂ ಹೊತ್ತಲ್ಲದ ಹೊತ್ತಿಗೆ. ಪ್ಲಂಬರ್ ಒಣ ಪೈಪಿನಲ್ಲಿ ಕೆಲಸ ಮಾಡುತ್ತಾನೆ, ನಳ ತೆರೆದಿದೆಯೋ ಮುಚ್ಚಿದೆಯೋ ಅವನಿಗೂ ತಿಳಿಯುವುದಿಲ್ಲ. ರಾತ್ರಿ ಎರಡಕ್ಕೆ ನೀರು ಬಂದಾಗ ತಿಳಿಯುತ್ತದೆ. ಹೋಗುವ ಮೊದಲು ಬೀದಿ ಪೈಪಿನ ವಾಲ್ವ್ ಮುಚ್ಚಿದ ಫೋಟೋ, ಟಾಕಿಯಿಂದ ಇಳಿಯುವ ವಾಲ್ವಿನ ಫೋಟೋ, ಗೀಜರ್ ಸ್ವಿಚ್ಚಿನ ಫೋಟೋ ವಾಟ್ಸಾಪಿಗೆ ಕಳಿಸಲು ಹೇಳಿ. ಕೂಲಿಯಲ್ಲಿ ಸ್ವಲ್ಪ ಉಳಿಸಿಕೊಂಡು, ಸಂಜೆ ನೀರು ಬಿಟ್ಟು ನೋಡಿದ ಮೇಲೆ ಫೋನ್‌ಪೇ ಮಾಡಿ. ಸಾಮಾನಿನ ದುಡ್ಡನ್ನು ಮಾತ್ರ ಮುಂಚೆಯೇ ಕೊಡಿ, ಅವನ ಕೈಯಿಂದ ಹಾಕಿಸುವುದು ಸರಿಯಲ್ಲ. ಇಲೆಕ್ಟ್ರಿಶಿಯನ್‌ಗೆ ಇನ್ವರ್ಟರ್ ಎಲ್ಲಿದೆ ಎಂದು ಮರೆಯದೆ ಹೇಳಿ. ಮೇನ್ ಇಳಿಸಿದರೂ ಇನ್ವರ್ಟರಿನ ಲೈನಿನಲ್ಲಿ ಕರೆಂಟ್ ಇರುತ್ತದೆ. ಕುಡಿಯುವ ನೀರಿನ ತಂಬಿಗೆ ಪಡಸಾಲೆಯಲ್ಲೇ ಇಟ್ಟು ಹೋದರೆ ಅಡುಗೆಮನೆಗೆ ಹೋಗುವ ಕಾರಣವೇ ಬರುವುದಿಲ್ಲ. ಕೆಲಸವಿಲ್ಲದ ಖೋಲಿಗಳಿಗೆ ಕೀಲಿ ಹಾಕಿ: ಅದು ಅವರಿಗೂ ಒಳ್ಳೆಯದು, ನಾಳೆ ಏನೋ ಸಿಗಲಿಲ್ಲವೆಂದರೆ ಅವರ ಮೇಲೆ ಮಾತು ಬರುವುದಿಲ್ಲ.

ವಿಮೆ ಇದೆ ಎಂದು ಧೈರ್ಯದಿಂದ ಇರುವವರು ಪಾಲಿಸಿ ತೆಗೆದು ಓದಿ. ಕಳವಿನ ವಿಮೆಗಳಲ್ಲಿ ಹೆಚ್ಚಿನವು ಬಾಗಿಲು ಮುರಿದು ಒಳಗೆ ನುಗ್ಗಿದ ಗುರುತು ಕೇಳುತ್ತವೆ, ನೀವೇ ಚಾವಿ ಕೊಟ್ಟಿದ್ದರೆ ಆ ಗುರುತು ಎಲ್ಲಿಂದ ಬರಬೇಕು? 2021ರ ಏಪ್ರಿಲಿನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಂತೂ ಮುಖ್ಯವಾಗಿ ಬೆಂಕಿ, ನೆರೆಯಂಥ ಅನಾಹುತಕ್ಕೆ. ಅದರಲ್ಲಿ ಕಳವು ಬರುವುದು ಅಂಥ ಅನಾಹುತದ ಕಾರಣದಿಂದ, ಅದಾದ 7 ದಿನದೊಳಗೆ ನಡೆದಿದ್ದರೆ ಮಾತ್ರ.

ಇನ್ನು ಬಾಜೂ ಮನೆಯ ಅಜ್ಜಿಯ ಕೈಯಲ್ಲಿ ಚಾವಿ ಕೊಡುವುದು. ಒಂದೆರಡು ತಾಸಿನ ಕೆಲಸಕ್ಕೆ ಮೇಲಿನ ಮೂರನ್ನೂ ಇದು ಹಿಂದೆ ಹಾಕುತ್ತದೆ. ಆದರೆ ಅವರ ಮೇಲೆ ಹೊರಿಸುವ ಭಾರ ಬಾಗಿಲು ತೆರೆಯುವುದು, ಹಾಕುವುದು ಇಷ್ಟೇ ಇರಲಿ. ಕೆಲಸ ಸರಿಯಾಯಿತೇ ನೋಡುವುದು, ದುಡ್ಡು ಕೊಡುವುದು, ರೇಟಿಗೆ ಜಗಳ ಆಡುವುದು ಅವರದಲ್ಲ. ಬರುವವನ ಹೆಸರು, ಫೋಟೋ, ಬರುವ ಹೊತ್ತು ಮೊದಲೇ ಅವರ ಮಗನ ಫೋನಿಗೆ ಕಳಿಸಿ. "ಸಾಹೇಬರು ಹೇಳ್ಯಾರ, ಚಾವಿ ಕೊಡ್ರಿ ಆಯಿ" ಎಂದು ಬೇರೆ ಯಾರಾದರೂ ಬಂದು ನಿಂತರೆ ನಿಮಗೆ ಒಂದು ಫೋನ್ ಹಚ್ಚದೆ ಕೊಡಬೇಡಿ ಎಂದು ಹೇಳಿಟ್ಟಿರಿ.